ಕತ್ತಿ, ಹಡಗು, ಬಾಣಲೆ: ಸಾಹಸಿ ಹುಡುಗಿಯರ ಕಾದಂಬರಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯ ಹಾಲ್‌ನಲ್ಲಿ ಎರಡು ಬೀರು ತುಂಬಾ ಮಕ್ಕಳ ಪುಸ್ತಕಗಳಿವೆ. ಭಾನುವಾರ ಬೆಳಿಗ್ಗೆ ನಮ್ಮ ಬೀದಿಯ ಮಕ್ಕಳು ಬಂದು ಒಂದೊಂದು ತೆಗೆದುಕೊಂಡು ಹೋಗುತ್ತಾರೆ. ಅವರ ಹಿಂದೆಯೇ ಅಮ್ಮಂದಿರು, ಅಪ್ಪಂದಿರು, ಒಮ್ಮೊಮ್ಮೆ ಅಜ್ಜಿಯರೂ ಬರುತ್ತಾರೆ. ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಅದೇ ಪ್ರಶ್ನೆಗಳನ್ನೇ. ಪ್ರತಿ ವಾರ ಬಾಗಿಲಲ್ಲಿ ನಿಂತು ಹೇಳುವ ಬದಲು ಒಂದು ಸಲ ಬರೆದಿಡೋಣ ಅನ್ನಿಸಿತು.

"ಗಟ್ಟಿ ಹುಡುಗಿ" ಅಂದರೆ ಏನು? ಕೈಯಲ್ಲಿ ಕತ್ತಿ ಇರಲೇಬೇಕಾ?

ಬೇಡ. ಕತ್ತಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ನಾನು ನೋಡುವುದು ಒಂದೇ ವಿಷಯ. ಕಥೆ ತಿರುಗುವ ಜಾಗದಲ್ಲಿ ತೀರ್ಮಾನ ಯಾರದ್ದು? ಎಷ್ಟೋ ಪುಸ್ತಕಗಳಲ್ಲಿ ಹುಡುಗಿಗೆ ಕರಾಟೆ ಬರುತ್ತದೆ, ಕುದುರೆ ಸವಾರಿ ಬರುತ್ತದೆ, ನಾಲಿಗೆಯಂತೂ ಬಲು ಚುರುಕು. ಆದರೆ ಕೊನೆಯ ಅಧ್ಯಾಯದಲ್ಲಿ ಯಾರೋ ಬಂದು ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಅಂಥವು ನನ್ನ ಬೀರುವಿನಲ್ಲಿ ಕೆಳಗಿನ ಸಾಲಿನಲ್ಲಿರುತ್ತವೆ.

ಇನ್ನೊಂದು ಮಾತು. ತೀರ್ಮಾನ ಅವಳದಾದರೆ ಸಾಲದು, ತಪ್ಪೂ ಅವಳದೇ ಆಗಿರಬೇಕು. ಯಾವತ್ತೂ ಎಡವದ, ಎಲ್ಲ ಗೊತ್ತಿರುವ ಹುಡುಗಿಯ ಕಥೆ ಮೂವತ್ತು ಪುಟಕ್ಕೆ ಬೇಜಾರು. ಮಕ್ಕಳಿಗೆ ಅದು ನಮಗಿಂತ ಬೇಗ ಗೊತ್ತಾಗುತ್ತದೆ.

ಮೊದಲ ಪುಸ್ತಕ ಯಾವುದು ಕೊಡಲಿ? ಮಗಳಿಗೆ ಹನ್ನೆರಡು.

ಅವಿ ಎಂಬ ಹೆಸರಿನಲ್ಲಿ ಬರೆಯುವ ಅಮೆರಿಕದ ಲೇಖಕರ 'ದಿ ಟ್ರೂ ಕನ್ಫೆಷನ್ಸ್ ಆಫ್ ಷಾರ್ಲೆಟ್ ಡಾಯ್ಲ್' ಕೊಡಿ. 1990ರಲ್ಲಿ ಬಂದದ್ದು. ನಾನು ಅತಿ ಹೆಚ್ಚು ಸಲ ಕೈಗಿಟ್ಟಿರುವ ಪುಸ್ತಕ ಇದೇ. ಎರಡು ಪ್ರತಿ ಹರಿದು ಹೋಗಿ ಈಗ ಮೂರನೆಯದು ಓಡಾಡುತ್ತಿದೆ.

ಕಥೆ ನಡೆಯುವುದು 1832ರಲ್ಲಿ. ಹದಿಮೂರು ವರ್ಷದ ಷಾರ್ಲೆಟ್ ಇಂಗ್ಲೆಂಡಿನಲ್ಲಿ ಓದು ಮುಗಿಸಿ ಲಿವರ್‌ಪೂಲ್‌ನಿಂದ ಅಮೆರಿಕದ ಪ್ರಾವಿಡೆನ್ಸ್‌ಗೆ 'ಸೀಹಾಕ್' ಎಂಬ ಹಡಗು ಹತ್ತುತ್ತಾಳೆ. ಜೊತೆಗೆ ಬರಬೇಕಿದ್ದ ಕುಟುಂಬಗಳು ಬರುವುದೇ ಇಲ್ಲ. ಇಡೀ ಹಡಗಿನಲ್ಲಿ ಹೆಣ್ಣು ಅಂತ ಇವಳೊಬ್ಬಳೇ. ಕ್ಯಾಪ್ಟನ್ ಜ್ಯಾಗರಿ ಒಳ್ಳೆ ಬಟ್ಟೆ ಹಾಕುತ್ತಾನೆ, ನಯವಾಗಿ ಮಾತಾಡುತ್ತಾನೆ, ಟೀಗೆ ಕರೆಯುತ್ತಾನೆ. ನಾವಿಕರು ಕೊಳಕು, ಒರಟು. ಹುಡುಗಿ ಯಾರನ್ನು ನಂಬುತ್ತಾಳೆ? ನಾವೂ ನಂಬುತ್ತಿದ್ದದ್ದು ಅವನನ್ನೇ, ಅಲ್ವಾ? ನಾವಿಕರು ದಂಗೆಗೆ ತಯಾರಾಗುತ್ತಿರುವುದು ಅವಳ ಕಣ್ಣಿಗೆ ಬೀಳುತ್ತದೆ. ಒಳ್ಳೆಯ ಮನೆತನದ ಹುಡುಗಿ ಏನು ಮಾಡಬೇಕೋ ಅದನ್ನೇ ಮಾಡುತ್ತಾಳೆ, ಹೋಗಿ ಕ್ಯಾಪ್ಟನ್‌ಗೆ ಹೇಳುತ್ತಾಳೆ. ಆಮೇಲೆ ಆಗುವುದನ್ನು ಅವಳು ಕಣ್ಣಾರೆ ನೋಡಬೇಕಾಗುತ್ತದೆ. ಒಬ್ಬ ಸಾಯುತ್ತಾನೆ. ಅವಳ ಜೊತೆ ಒಳ್ಳೆಯದಾಗಿ ನಡೆದುಕೊಂಡಿದ್ದ ಒಬ್ಬನೇ ಒಬ್ಬ, ಅಡುಗೆಯವ ಜಕರಾಯ, ಚಾಟಿ ಏಟು ತಿನ್ನುತ್ತಾನೆ.

ಪುಸ್ತಕ ನಿಜವಾಗಿ ಶುರುವಾಗುವುದು ಅಲ್ಲಿಂದ. ಅವಳು ಹೋಗಿ ನಾವಿಕರ ಮುಂದೆ ನಿಂತು ನನ್ನನ್ನೂ ಕೆಲಸಕ್ಕೆ ಸೇರಿಸಿಕೊಳ್ಳಿ ಅನ್ನುತ್ತಾಳೆ. ಅವರು ಒಂದು ಪರೀಕ್ಷೆ ಇಡುತ್ತಾರೆ. ಹಾಯಿಕಂಬದ ಹಗ್ಗದೇಣಿ ಹತ್ತಿ, ಮೇಲಿನ ತುದಿ ಮುಟ್ಟಿ, ಇಳಿದು ಬರಬೇಕು. ಆ ಅಧ್ಯಾಯ ಓದುವಾಗ ನನ್ನ ಅಂಗೈ ಬೆವರುತ್ತದೆ, ಈಗಲೂ. ನಾನೇ ಒಂದು ಸಲ ಅದನ್ನು ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಅರ್ಧದಲ್ಲಿ ಕುಕ್ಕರ್ ಕೂಗಿತು. ಎದ್ದು ಹೋಗಲು ಒಬ್ಬರೂ ಬಿಡಲಿಲ್ಲ. ಅವತ್ತು ಬೇಳೆ ತಳ ಹಿಡಿಯಿತು.

ನನ್ನ ಮಗಳಿಗೆ ಇನ್ನೂ ಹತ್ತು. 'ಹಂಗರ್ ಗೇಮ್ಸ್' ಓದಬಹುದಾ? ಕ್ಲಾಸಲ್ಲಿ ಎಲ್ಲರೂ ಓದ್ತಿದ್ದಾರಂತೆ.

ಎರಡು ಮೂರು ವರ್ಷ ತಡೆಯಿರಿ. ಇದು ನಾನು ಪೆಟ್ಟು ತಿಂದು ಕಲಿತದ್ದು. ಹಿಂದೊಮ್ಮೆ ತುಂಬಾ ಚುರುಕಾಗಿ ಓದುತ್ತಿದ್ದ ಹತ್ತರ ಹುಡುಗಿಯೊಬ್ಬಳಿಗೆ ಕೊಟ್ಟುಬಿಟ್ಟೆ. ಓದಲು ಬರುತ್ತದೆ ಅಂದಮೇಲೆ ತಾಳಿಕೊಳ್ಳಲೂ ಬರುತ್ತದೆ ಅಂದುಕೊಂಡಿದ್ದು ನನ್ನ ತಪ್ಪು. ಮಗು ನಾಲ್ಕು ರಾತ್ರಿ ಲೈಟ್ ಹಾಕಿಕೊಂಡೇ ಮಲಗಿತು. ಅವಳಮ್ಮ ಬಂದು ಜೋರು ಮಾಡಲಿಲ್ಲ, ಸುಮ್ನೆ ಪುಸ್ತಕ ಟೇಬಲ್ ಮೇಲಿಟ್ಟು ಹೋದರು. ಬೈದಿದ್ದರೇ ವಾಸಿ ಇತ್ತು.

ಇಪ್ಪತ್ನಾಲ್ಕು ಮಕ್ಕಳನ್ನು ಒಂದು ಕಣಕ್ಕೆ ಬಿಟ್ಟು, ಕೊನೆಗೆ ಒಬ್ಬರು ಉಳಿಯುವವರೆಗೆ ಕೊಂದುಕೊಳ್ಳಿ ಎನ್ನುವ ಕಥೆ ಅದು. ಅದನ್ನು ಟಿವಿಯಲ್ಲಿ ಇಡೀ ದೇಶ ನೋಡಬೇಕು.

ಹಾಗಾದರೆ ಅದು ಒಳ್ಳೆಯ ಪುಸ್ತಕ ಅಲ್ಲವಾ?

ಬಹಳ ಒಳ್ಳೆಯ ಪುಸ್ತಕ. ಹದಿಮೂರು ದಾಟಿದವರಿಗೆ ಕಣ್ಣು ಮುಚ್ಚಿ ಕೊಡುತ್ತೇನೆ. ಸುಝಾನ್ ಕಾಲಿನ್ಸ್ ಬರೆದ ಮೊದಲ ಭಾಗ 2008ರಲ್ಲಿ ಬಂತು, ಮೂರನೆಯದು 2010ರಲ್ಲಿ. ಕಥಾನಾಯಕಿ ಕ್ಯಾಟ್‌ನಿಸ್ ಬಿಲ್ಲು ಹಿಡಿಯುತ್ತಾಳೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಇಷ್ಟವಾದದ್ದು ಅದಕ್ಕೂ ಮುಂಚಿನ ಒಂದು ಲೆಕ್ಕ. ಆಟಕ್ಕೆ ಚೀಟಿ ಎತ್ತುತ್ತಾರೆ. ಬಡವರ ಮಕ್ಕಳು ತಮ್ಮ ಹೆಸರಿನ ಚೀಟಿಯನ್ನು ಇನ್ನೊಂದು ಸಲ ಹಾಕಿಸಿದರೆ ಮನೆಯ ಒಬ್ಬರಿಗೆ ಒಂದು ವರ್ಷದ ಕಾಳು, ಎಣ್ಣೆ ಸಿಗುತ್ತದೆ. ಅಪ್ಪ ಕಲ್ಲಿದ್ದಲ ಗಣಿಯಲ್ಲಿ ಸತ್ತ ಮೇಲೆ ಮನೆ ನಡೆಸಿದ್ದು ಇವಳೇ. ಹದಿನಾರು ತುಂಬುವಷ್ಟರಲ್ಲಿ ಅವಳ ಹೆಸರು ಇಪ್ಪತ್ತು ಸಲ ಆ ಪಾತ್ರೆಯಲ್ಲಿದೆ. ರೇಷನ್ ಅಂಗಡಿ ಸಾಲಿನಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಷ್ಟೆಲ್ಲ ಆದಮೇಲೂ ಚೀಟಿಯಲ್ಲಿ ಬರುವುದು ಅವಳ ಹೆಸರಲ್ಲ, ಒಂದೇ ಒಂದು ಚೀಟಿ ಇದ್ದ ಪುಟ್ಟ ತಂಗಿಯದು. ಆಗ ಅವಳು ಮುಂದೆ ಬರುತ್ತಾಳೆ.

ಮೂರನೇ ಭಾಗದಲ್ಲಿ ಅವಳು ಸೋತು ಸುಣ್ಣವಾಗಿರುತ್ತಾಳೆ. ಕೆಲವು ಮಕ್ಕಳು ಅದನ್ನು ಬೋರ್ ಅನ್ನುತ್ತಾರೆ. ನನಗೆ ಮಾತ್ರ ಅದೇ ನಿಜವಾದ ಭಾಗ ಅನ್ನಿಸಿದೆ. ಯುದ್ಧ ಮಾಡಿ ಬಂದವಳು ನಗುನಗುತ್ತಾ ಇದ್ದಿದ್ದರೆ ಪುಸ್ತಕ ಎತ್ತಿ ಎಸೆಯುತ್ತಿದ್ದೆ.

ಹತ್ತು ಹನ್ನೊಂದಕ್ಕೆ ಹಾಗಾದರೆ ಏನು?

ಎರಡಿವೆ. ಸ್ವೀಡನ್ನಿನ ಆಸ್ಟ್ರಿಡ್ ಲಿಂಡ್‌ಗ್ರೆನ್ 1981ರಲ್ಲಿ ಬರೆದ 'ರೋನ್ಯ', ಇಂಗ್ಲಿಷ್‌ನಲ್ಲಿ 'ರೋನ್ಯ, ದ ರಾಬರ್ಸ್ ಡಾಟರ್'. ಕಳ್ಳರ ಗುಂಪಿನ ನಾಯಕನ ಮಗಳು. ಅವಳು ಹುಟ್ಟಿದ ರಾತ್ರಿ ಸಿಡಿಲು ಬಡಿದು ಕೋಟೆ ಎರಡು ಹೋಳಾಗುತ್ತದೆ. ಆಚೆ ಹೋಳಿಗೆ ಶತ್ರುಗಳು ಬಂದು ಸೇರಿಕೊಳ್ಳುತ್ತಾರೆ. ಆ ಕಡೆ ಒಬ್ಬ ಹುಡುಗ, ಈ ಕಡೆ ಇವಳು, ನಡುವೆ ಪಾತಾಳದಂಥ ಬಿರುಕು. ಇಬ್ಬರೂ ಪಂತ ಕಟ್ಟಿ ಅದನ್ನು ದಾಟಿ ದಾಟಿ ಹಾರುತ್ತಾರೆ. ಅಪ್ಪನ ಮೇಲೆ ಜೀವ ಇಟ್ಟುಕೊಂಡೇ ಅಪ್ಪನ ಕಸುಬು ಬೇಡ ಅನ್ನುವ ಹುಡುಗಿ.

ಇನ್ನೊಂದು ಟೆರ್ರಿ ಪ್ರ್ಯಾಚೆಟ್ ಅವರ 'ದಿ ವೀ ಫ್ರೀ ಮೆನ್', 2003. ಟಿಫನಿಗೆ ಒಂಬತ್ತು ವರ್ಷ. ಕುರಿ ಸಾಕುವವರ ಮನೆ, ಚೀಸ್ ಮಾಡುವುದರಲ್ಲಿ ಪಳಗಿದ ಕೈ. ತಮ್ಮನನ್ನು ಮಾಯಾಲೋಕದ ರಾಣಿ ಎತ್ತಿಕೊಂಡು ಹೋದಾಗ ಅವಳು ಬಿಡಿಸಿಕೊಂಡು ಬರಲು ಹೊರಡುವುದು ಅಡುಗೆಮನೆಯ ಬಾಣಲೆ ಹಿಡಿದು. ಒನಕೆ ಹಿಡಿದು ಕಿಂಡಿಯ ಹತ್ತಿರ ನಿಂತ ಓಬವ್ವನ ಕಥೆ ಕೇಳಿ ಬೆಳೆದವರು ನಾವು. ಬಾಣಲೆ ಹುಡುಗಿ ನಮಗೆ ಹೊರಗಿನವಳು ಅನ್ನಿಸುವುದೇ ಇಲ್ಲ. ಅವಳ ನೆರವಿಗೆ ಬರುವ ಪುಟ್ಟ ನೀಲಿ ಮನುಷ್ಯರ ಸ್ಕಾಟಿಷ್ ಇಂಗ್ಲಿಷ್ ಮಾತ್ರ ಮೊದಲು ತಲೆ ತಿನ್ನುತ್ತದೆ. ಜೋರಾಗಿ ಓದಿದರೆ ಅರ್ಥವಾಗುತ್ತದೆ, ನಗುವೂ ಬರುತ್ತದೆ.

ಕಾಡಿನಲ್ಲಿ, ದ್ವೀಪದಲ್ಲಿ ಒಬ್ಬಳೇ ಬದುಕುವ ಕಥೆ ಇದೆಯಾ?

ಇದೆ, ಬೇಕಾದಷ್ಟು. ಎಲ್ಲರೂ ಹೇಳುವುದು ಸ್ಕಾಟ್ ಓಡೆಲ್ ಅವರ 'ಐಲ್ಯಾಂಡ್ ಆಫ್ ದ ಬ್ಲೂ ಡಾಲ್ಫಿನ್ಸ್', 1960ರದ್ದು. ಕರಾನಾ ಎಂಬ ಹುಡುಗಿ ಕ್ಯಾಲಿಫೋರ್ನಿಯಾ ಕಡಲಿನ ದ್ವೀಪವೊಂದರಲ್ಲಿ ಒಬ್ಬಳೇ ಉಳಿಯುತ್ತಾಳೆ. ಹೆಂಗಸರು ಆಯುಧ ಮಾಡಿದರೆ ಕೇಡಾಗುತ್ತದೆ ಅನ್ನುವುದು ಅವಳ ಜನರ ಕಟ್ಟಳೆ. ಹೆದರಿಕೊಂಡೇ ಬಿಲ್ಲು ಮಾಡುತ್ತಾಳೆ. ತಮ್ಮನನ್ನು ಕೊಂದ ಕಾಡುನಾಯಿಗಳ ಮುಂದಾಳನ್ನೇ ಕೊನೆಗೆ ಸಾಕಿಕೊಳ್ಳುತ್ತಾಳೆ.

ಇದರ ಹಿಂದೆ ನಿಜವಾದ ಒಬ್ಬ ಹೆಂಗಸಿದ್ದಾಳೆ. ಸಾನ್ ನಿಕೊಲಸ್ ದ್ವೀಪದಲ್ಲಿ 1835ರಿಂದ 1853ರವರೆಗೆ, ಹದಿನೆಂಟು ವರ್ಷ ಒಂಟಿಯಾಗಿದ್ದಳು. ಕರೆತಂದ ಮೇಲೆ ಸಾಂಟಾ ಬಾರ್ಬರಾದಲ್ಲಿ ಬದುಕಿದ್ದು ಏಳೇ ವಾರ. ಪುಸ್ತಕ ಓದಿ ಮುಗಿಸಿದ ಮಕ್ಕಳಿಗೆ ಇದನ್ನು ಹೇಳುತ್ತೇನೆ, ಮೊದಲೇ ಹೇಳುವುದಿಲ್ಲ. ಇನ್ನೊಂದನ್ನೂ ಹೇಳುತ್ತೇನೆ. ಮೂಲನಿವಾಸಿಗಳನ್ನು ಹೊರಗಿನವರ ಕಣ್ಣಿನಿಂದ ಚಿತ್ರಿಸಿದೆ ಎಂಬ ಆಕ್ಷೇಪ ಈ ಪುಸ್ತಕದ ಮೇಲಿದೆ, ಅದು ಸುಳ್ಳಲ್ಲ.

ಆದರೆ ನನ್ನ ಕೇಳಿದರೆ ಇದಕ್ಕಿಂತ ಒಂದು ತೂಕ ಹೆಚ್ಚು ನ್ಯಾನ್ಸಿ ಫಾರ್ಮರ್ ಅವರ 'ಎ ಗರ್ಲ್ ನೇಮ್ಡ್ ಡಿಸಾಸ್ಟರ್'. 1996ರದ್ದು. ಮೊಜಾಂಬಿಕ್‌ನ ಹಳ್ಳಿಯ ಹುಡುಗಿ ನ್ಹಾಮೊ. ಶೋನಾ ಭಾಷೆಯಲ್ಲಿ ಆ ಹೆಸರಿಗೆ ಕೇಡು ಅಂತಲೇ ಅರ್ಥ. ತಾಯಿ ಇಲ್ಲ. ಹಳೇ ಪತ್ರಿಕೆಯ ಜಾಹೀರಾತಿನಲ್ಲಿ ಬ್ರೆಡ್ಡಿಗೆ ಮಾರ್ಗರಿನ್ ಹಚ್ಚುತ್ತಿರುವ ಒಬ್ಬ ಹೆಂಗಸಿನ ಚಿತ್ರ ಅವಳಿಗೆ ಸಿಕ್ಕಿದೆ. ಅದನ್ನೇ ಅಮ್ಮ ಅಂದುಕೊಂಡು ಬಚ್ಚಿಟ್ಟು ಮಾತಾಡುತ್ತಾಳೆ. ಕ್ರೂರಿಯೊಬ್ಬನಿಗೆ ಮದುವೆ ಮಾಡಿಕೊಡಲು ಹೊರಟಾಗ ಅವಳನ್ನು ಓಡಿಹೋಗು ಅಂತ ಕಳಿಸುವುದು ಯಾರು ಗೊತ್ತಾ? ಅಜ್ಜಿ! ದೋಣಿ ಹತ್ತಿ, ಹೊಳೆ ಹಿಡಿದು, ಅಪ್ಪನಿದ್ದ ಜಿಂಬಾಬ್ವೆಯ ಕಡೆಗೆ. ದಾರಿ ತಪ್ಪಿ ಬಬೂನ್ ಕೋತಿಗಳ ಹಿಂಡಿನ ಪಕ್ಕದಲ್ಲಿ ದಿನ ತಳ್ಳುವ ಭಾಗ ಇದೆಯಲ್ಲ, ಅದಕ್ಕೇ ಇಡೀ ಪುಸ್ತಕ ಓದಬೇಕು.

ಇಂಥ ಪುಸ್ತಕ ಓದಿದರೆ ಹುಡುಗಿ ಹಟಮಾರಿ ಆಗಲ್ವಾ?

ಈ ಪ್ರಶ್ನೆ ಕೇಳುವುದು ಅಜ್ಜಿಯರು. ಅವರಿಗೆ ಮೇಲಿನ ನ್ಹಾಮೊ ಅಜ್ಜಿಯ ಕಥೆ ಹೇಳುತ್ತೇನೆ. ಅರ್ಧ ಜನ ನಗುತ್ತಾರೆ. ಇನ್ನರ್ಧ ಜನ ನನ್ನನ್ನೇ ಒಂಥರಾ ನೋಡುತ್ತಾರೆ.

ನಮ್ಮ ಕಡೆಯ ಹುಡುಗಿಯರು ಇರುವ ಪುಸ್ತಕ?

ಚಿಕ್ಕದು ಬೇಕಾದರೆ ರಸ್ಕಿನ್ ಬಾಂಡ್ ಅವರ 'ಆಂಗ್ರಿ ರಿವರ್'. ನದಿ ನಡುವಿನ ನಡುಗಡ್ಡೆಯಲ್ಲಿ ಅಜ್ಜ ಅಜ್ಜಿ ಜೊತೆ ಇರುವ ಸೀತಾ, ನೆರೆ ಬಂದಾಗ ಒಬ್ಬಳೇ ಮರ ಹತ್ತಿ ಕೂರಬೇಕಾಗುತ್ತದೆ. ಒಂದೇ ಸಂಜೆಯಲ್ಲಿ ಮುಗಿಯುತ್ತದೆ. ಇಂಗ್ಲಿಷ್ ಸರಳ, ಮಳೆಗಾಲದಲ್ಲಿ ಓದಿಸಿ.

ಮಹಾಭಾರತ ಗೊತ್ತಿರುವ ಮಗುವಿಗೆ ರೋಶನಿ ಚೋಕ್ಷಿ ಅವರ 'ಆರು ಶಾ' ಸರಣಿ. 2018ರಲ್ಲಿ ಶುರುವಾಗಿ ಐದು ಭಾಗ ಬಂದಿದೆ. ಅಟ್ಲಾಂಟಾದ ಹನ್ನೆರಡು ವರ್ಷದ ಆರು, ಕ್ಲಾಸಿನವರ ಮುಂದೆ ಬಡಾಯಿ ಕೊಚ್ಚಿ, ಆ ಸುಳ್ಳನ್ನು ನಿಜ ಮಾಡಲು ಮುಟ್ಟಬಾರದ ದೀಪ ಹಚ್ಚುತ್ತಾಳೆ. ಪಾಂಡವರ ಆತ್ಮ ಈ ಸಲ ಹುಡುಗಿಯರಲ್ಲಿ ಬಂದಿದೆ ಅನ್ನುವುದು ಕಥೆ. ತಮಾಷೆ ಜಾಸ್ತಿ, ಆಳ ಕಮ್ಮಿ. ರಜೆಗೆ ಸರಿ.

ಗಂಭೀರವಾದದ್ದು ಬೇಕು ಅಂದರೆ ಪದ್ಮಾ ವೆಂಕಟರಾಮನ್ ಅವರ 'ದ ಬ್ರಿಜ್ ಹೋಮ್', 2019. ಮನೆ ಬಿಟ್ಟು ಓಡಿಬಂದ ಅಕ್ಕ ತಂಗಿ ಚೆನ್ನೈನ ಸೇತುವೆ ಮೇಲೆ ಬದುಕು ಕಟ್ಟಿಕೊಳ್ಳುತ್ತಾರೆ. ಕರ್ಚೀಫ್ ಪಕ್ಕದಲ್ಲಿರಲಿ.

ಕನ್ನಡದಲ್ಲಿ ಸಿಗುತ್ತಾ? ಮಗಳು ಕನ್ನಡ ಮೀಡಿಯಂ.

ಈ ಪಟ್ಟಿಯನ್ನು ನಾನು ಇಂಗ್ಲಿಷ್ ಪುಸ್ತಕಗಳಿಂದಲೇ ಮಾಡಿದ್ದೇನೆ. ನಾನು ಮಾಡುವ ಉಪಾಯ ಹೇಳುತ್ತೇನೆ. ಮೊದಲ ಎರಡು ಅಧ್ಯಾಯ ನೀವು ಓದಿಕೊಳ್ಳಿ. ರಾತ್ರಿ ಊಟದ ಹೊತ್ತಿಗೆ ಅದನ್ನು ಕನ್ನಡದಲ್ಲಿ ಕಥೆಯಾಗಿ ಹೇಳಿ. ಅನುವಾದ ಬೇಡ, ನಿಮ್ಮ ಮಾತಲ್ಲೇ ಹೇಳಿ. ಷಾರ್ಲೆಟ್ ಕ್ಯಾಪ್ಟನ್ ಕೋಣೆಯ ಬಾಗಿಲು ತಟ್ಟುವ ಹೊತ್ತಿಗೆ ನಿಲ್ಲಿಸಿ, "ಸಾಕು, ಕೈ ತೊಳಿ" ಅನ್ನಿ. ಪುಸ್ತಕವನ್ನು ಕಣ್ಣಿಗೆ ಕಾಣುವ ಕಡೆ ಇಟ್ಟು ಮಲಗಿ. ಡಿಕ್ಷನರಿ ಹುಡುಕಿಕೊಂಡು ತಾವೇ ಓದಿದ ಮಕ್ಕಳನ್ನು ನಾನು ನೋಡಿದ್ದೇನೆ. ಎಲ್ಲ ಪದ ಅರ್ಥವಾಗಬೇಕು ಅಂತೇನೂ ಇಲ್ಲ. ಹಡಗಿನ ಹಗ್ಗಗಳ ಹೆಸರು ನನಗೂ ಅರ್ಧ ಗೊತ್ತಿಲ್ಲ.

'ನಾರ್ದರ್ನ್ ಲೈಟ್ಸ್' ತಂದೆ. ಮೂರು ಪುಟ ಓದಿ ಬಿಟ್ಟಳು.

ಫಿಲಿಪ್ ಪುಲ್ಮನ್ ಅವರ ಪುಸ್ತಕಕ್ಕೆ ಎಲ್ಲರೂ ಹಾಗೇ ಮಾಡುತ್ತಾರೆ. ಈ ಲೋಕದಲ್ಲಿ ಪ್ರತಿಯೊಬ್ಬರ ಜೀವವೂ ಒಂದು ಪ್ರಾಣಿಯ ರೂಪದಲ್ಲಿ ಹೊರಗೇ ಇರುತ್ತದೆ, ಜೊತೆಗೇ ನಡೆಯುತ್ತದೆ. ಮಕ್ಕಳ ಪ್ರಾಣಿ ಗಳಿಗೆಗೊಂದು ರೂಪ ಬದಲಿಸುತ್ತದೆ, ದೊಡ್ಡವರದು ಒಂದೇ ರೂಪದಲ್ಲಿ ನಿಂತುಬಿಡುತ್ತದೆ. ಇಷ್ಟು ಮೊದಲೇ ಹೇಳಿಬಿಡಿ. ಆಮೇಲೆ ಕಥಾನಾಯಕಿ ಲೈರಾ ವೈನ್‌ಗೆ ವಿಷ ಬೆರೆಸಿದ್ದನ್ನು ನೋಡಿ, ಬೀರುವಿನಲ್ಲಿ ಅಡಗಿ ಕೂತು, ಮಾವ ಅದನ್ನು ಕುಡಿಯುತ್ತಾನೋ ಏನೋ ಎಂದು ಚಡಪಡಿಸುವ ತನಕ ಓದಿಸಿ. ಅಲ್ಲಿಗೆ ಬಂದರೆ ಗೆದ್ದ ಹಾಗೆ.

ಲೈರಾ ಮಹಾ ಸುಳ್ಳಿ. ಕವಚ ತೊಟ್ಟ ಕರಡಿಗಳ ರಾಜನನ್ನೇ ಸುಳ್ಳು ಹೇಳಿ ಬೀಳಿಸುತ್ತಾಳೆ. ಸುಳ್ಳು ಹೇಳಬಾರದು ಅಂತ ಕಲಿಸುವ ಮನೆಗಳಲ್ಲಿ ಈ ಪುಸ್ತಕ ಓದಿದ ಮಕ್ಕಳು ಕಣ್ಣರಳಿಸಿಕೊಂಡು ಬರುತ್ತಾರೆ. ಸರಣಿಯ ಮೂರನೇ ಭಾಗದ ಹೊತ್ತಿಗೆ ಆ ಸುಳ್ಳು ಎಲ್ಲಿ ನಡೆಯುವುದಿಲ್ಲ ಅನ್ನುವುದೂ ಬರುತ್ತದೆ. ಚರ್ಚನ್ನು ನೇರವಾಗಿ ಎದುರು ಹಾಕಿಕೊಂಡ ಕಥೆ ಇದು, ಮನೆಯಲ್ಲಿ ಮಾತುಕತೆಗೆ ತಯಾರಿರಿ.

ಒಂದು ಎಚ್ಚರಿಕೆ. ಇದೇ ಪುಸ್ತಕ ಅಮೆರಿಕದಲ್ಲಿ 'ದ ಗೋಲ್ಡನ್ ಕಂಪಸ್' ಎಂಬ ಹೆಸರಿನಲ್ಲಿ ಬಂದಿದೆ. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಎರಡನ್ನೂ ಕೊಂಡು ತಂದ ಜಾಣೆ ನಾನೇ.

ಲವ್ ಇರುತ್ತಾ?

ಷಾರ್ಲೆಟ್, ಕರಾನಾ, ನ್ಹಾಮೊ, ಟಿಫನಿ, ಸೀತಾ: ಚಿಂತೆ ಇಲ್ಲ. ಹಂಗರ್ ಗೇಮ್ಸ್‌ನಲ್ಲಿ ಇಬ್ಬರು ಹುಡುಗರಿದ್ದಾರೆ, ಒಂದೆರಡು ಮುತ್ತು ಇದೆ. ಲೈರಾ ಕಥೆಯ ಕೊನೆಯಲ್ಲಿ ಮೊದಲ ಪ್ರೀತಿ ಇದೆ, ತುಂಬಾ ಮೃದುವಾಗಿದೆ. ನನ್ನ ಅನುಭವದಲ್ಲಿ ಅಪ್ಪ ಅಮ್ಮ ಮುತ್ತಿಗೆ ಹೆದರುತ್ತಾರೆ, ಕೊಲೆಗೆ ಹೆದರುವುದಿಲ್ಲ. ನಿಮ್ಮಿಷ್ಟ.

ಹುಡುಗನ ವೇಷ ಹಾಕಿ ಯುದ್ಧ ಕಲಿಯುವ ಹುಡುಗಿಯ ಪುಸ್ತಕ ಯಾವುದು? ಹೆಸರು ಮರೆತಿದ್ದೇನೆ.

ಟಮೋರಾ ಪಿಯರ್ಸ್ ಅವರ 'ಅಲಾನಾ' ಇರಬೇಕು. 1983ರಲ್ಲಿ ಮೊದಲ ಭಾಗ, ಒಟ್ಟು ನಾಲ್ಕು. ಅವಳಿ ಅಣ್ಣನ ಜಾಗದಲ್ಲಿ ತಾನು ಅರಮನೆಗೆ ಹೋಗುತ್ತಾಳೆ. ಮುಟ್ಟಾದಾಗ ಅವಳಿಗೆ ಏನಾಯಿತೆಂದೇ ಗೊತ್ತಾಗುವುದಿಲ್ಲ, ಗುಟ್ಟು ಬಿಟ್ಟುಕೊಡದೆ ಅರಮನೆಯಲ್ಲಿ ಯಾರನ್ನೂ ಕೇಳುವ ಹಾಗಿಲ್ಲ. ಕತ್ತಿ ಕಾಳಗದ ಪುಸ್ತಕದಲ್ಲಿ ಆ ದಿನವನ್ನು ಬಿಡದೆ ಬರೆದದ್ದಕ್ಕೆ ಲೇಖಕಿಗೆ ನನ್ನ ನಮಸ್ಕಾರ. ಮೂರು ನಾಲ್ಕನೇ ಭಾಗ ಸ್ವಲ್ಪ ದೊಡ್ಡವರಿಗೆ.

ಹದಿನಾರು ದಾಟಿದವಳಿಗೆ? ಎಲ್ಲ ಓದಿ ಮುಗಿಸಿದ್ದಾಳೆ.

ಎಲಿಜಬೆತ್ ವೈನ್ ಅವರ 'ಕೋಡ್ ನೇಮ್ ವೆರಿಟಿ', 2012. ಎರಡನೇ ಮಹಾಯುದ್ಧದ ಕಾಲ. ಒಬ್ಬಳು ವಿಮಾನ ಹಾರಿಸುವವಳು, ಇನ್ನೊಬ್ಬಳು ಗೂಢಚಾರಿಣಿ. ಇಬ್ಬರೂ ಜೀವದ ಗೆಳತಿಯರು. ಗೂಢಚಾರಿಣಿ ಫ್ರಾನ್ಸ್‌ನಲ್ಲಿ ಸಿಕ್ಕಿಬೀಳುವುದು ಹೇಗೆ ಗೊತ್ತಾ? ರಸ್ತೆ ದಾಟುವಾಗ ತಪ್ಪು ಕಡೆ ನೋಡಿ. ಬ್ರಿಟನ್‌ನಲ್ಲಿ ನಮ್ಮ ಹಾಗೆ ಎಡಗಡೆ ಓಡಿಸುತ್ತಾರೆ, ಅಲ್ಲಿ ಬಲಗಡೆ. ಅಷ್ಟೇ ಸಾಕಾಯಿತು.

ಅವಳು ನಾಜಿಗಳ ಸೆರೆಯಲ್ಲಿ ಕೂತು ತಪ್ಪೊಪ್ಪಿಗೆ ಬರೆಯುತ್ತಾಳೆ, ನಾವು ಓದುವುದು ಅದನ್ನೇ. ಎಷ್ಟು ನಿಜ, ಎಷ್ಟು ಸುಳ್ಳು? ಇದಕ್ಕಿಂತ ಹೆಚ್ಚು ಹೇಳಿದರೆ ಪುಸ್ತಕ ಕೆಡುತ್ತದೆ. ಚಿತ್ರಹಿಂಸೆ ಇದೆ. ಅರ್ಧ ಓದಿದ ಮೇಲೆ ಮತ್ತೆ ಮೊದಲ ಪುಟಕ್ಕೆ ತಿರುಗಿಸುವಂತೆ ಮಾಡುವ ಪುಸ್ತಕ.

ಹುಡುಗರು ಓದಬಹುದಾ?

ಇದೇನು ಕೇಳುವ ಮಾತಾ? ಓದಲಿ.

ಸಿನಿಮಾ ಮೊದಲು ನೋಡಿದರೆ ಪರವಾಗಿಲ್ವಾ?

ಹಂಗರ್ ಗೇಮ್ಸ್ ಸಿನಿಮಾ ಚೆನ್ನಾಗಿದೆ, ಆದರೆ ಕ್ಯಾಟ್‌ನಿಸ್ ತಲೆಯೊಳಗಿನ ಲೆಕ್ಕಾಚಾರ ತೆರೆ ಮೇಲೆ ಅಷ್ಟಾಗಿ ಬರುವುದಿಲ್ಲ. ಲೈರಾಳ 2007ರ ಸಿನಿಮಾ ಕೊನೆಯನ್ನೇ ಕತ್ತರಿಸಿಬಿಟ್ಟಿದೆ, ಬಿಡಿ.

ನಿಮ್ಮ ಹತ್ತಿರ ಎರವಲು ಸಿಗುತ್ತಾ?

ಭಾನುವಾರ ಒಂಬತ್ತರಿಂದ ಹನ್ನೊಂದು. ದುಡ್ಡಿಲ್ಲ, ನೋಟ್‌ಬುಕ್‌ನಲ್ಲಿ ಹೆಸರು ಬರೆದರೆ ಸಾಕು. ಮೂರು ವಾರ ಇಟ್ಟುಕೊಳ್ಳಬಹುದು. ಪುಟದ ಮೂಲೆ ಮಡಚಬೇಡಿ, ಬಸ್ ಟಿಕೆಟ್ ಇಡಿ. ನ್ಹಾಮೊ ಮತ್ತು ರೋನ್ಯ ಈಗ ಬೀರುವಿನಲ್ಲೇ ಇದ್ದಾರೆ. ಷಾರ್ಲೆಟ್ ಡಾಯ್ಲ್ ಬೇಕಾದರೆ ಕಾಯಬೇಕು. ಮೂಲೆ ಮನೆಯ ಒಂಬತ್ತನೇ ಕ್ಲಾಸ್ ಹುಡುಗ ಒಯ್ದು ಐದು ವಾರವಾಯಿತು, ಕೇಳಿದರೆ ಅವರಮ್ಮ ಓದುತ್ತಿದ್ದಾರಂತೆ.